ನೆರವು ಬೇಡದ ಮನೆ

ವಿಶ್ವವಿದ್ಯಾಲಯದ ಅಧಿಕಾರಿ ಹಿತ್ತಿಲಿಗೆ ಹೋಗುವ ದಾರಿ ಹುಡುಕುತ್ತಿದ್ದಾಗಲೇ ದೊಡ್ಡಪ್ಪ ಮುಂಬಾಗಿಲು ತೆರೆದರು. "ಅಲ್ಲೆಲ್ಲಿಗೆ ಹೋಗ್ತೀರಿ ಸಾರ್, ಇದೇ ಮನೆ, ಬನ್ನಿ" ಎಂದು ಕೈಹಿಡಿದು ಕರೆತಂದು, ಸೋಫಾದ ಮೇಲೆ ಕೂರಿಸಿ, ಫ್ಯಾನು ಜೋರು ಮಾಡಿದರು.

ಹಿತ್ತಿಲಿನ ತಗಡಿನ ಕೋಣೆಯಲ್ಲಿ ಹುಡುಗಿಯೂ ಅವಳ ತಾಯಿಯೂ ಬೆಳಗಿನಿಂದ ಕಾದಿದ್ದರು. ತಾಯಿ ಹೊಲಿಗೆ ಯಂತ್ರವನ್ನು ಎದ್ದು ಕಾಣುವಂತೆ ಬಾಗಿಲ ಬಳಿ ಎಳೆದಿಟ್ಟಿದ್ದಳು. ಸೋರುವ ಜಾಗದ ಕೆಳಗೆ, ಮಳೆಯಿಲ್ಲದಿದ್ದರೂ, ಬಕೆಟ್ಟು. "ಬಡತನಕ್ಕೂ ಅಲಂಕಾರ ಮಾಡ್ಬೇಕಾ ಅಮ್ಮ?" ಎಂದು ಮಗಳು ನಕ್ಕಿದ್ದಳು. ಸಸ್ಯವಿಜ್ಞಾನದ ಸೀಟು ಸಿಕ್ಕಿತ್ತು. ಶುಲ್ಕ, ಹಾಸ್ಟೆಲು, ಊಟ ಎಲ್ಲಕ್ಕೂ ವಿಶ್ವವಿದ್ಯಾಲಯ ಕೊಡುವ ನೆರವಿಗೆ ಅವಳ ಹೆಸರು ಬಂದಿತ್ತು. ಅವರು ಬಂದು ಮನೆ ನೋಡುವುದೊಂದೇ ಬಾಕಿ. ಅದೇ ಪ್ರವೇಶ ಪರೀಕ್ಷೆಯಲ್ಲಿ ಎರಡನೇ ಸಲವೂ ಫೇಲಾದ ದೊಡ್ಡಪ್ಪನ ಮಗ ಫಲಿತಾಂಶ ಬಂದಾಗಿನಿಂದ ಕೋಣೆ ಬಿಟ್ಟು ಹೊರಬಂದಿರಲಿಲ್ಲ.

ಕರೆ ಬಂದು ತಾಯಿ ಮಗಳು ಮುಂಭಾಗದ ದೊಡ್ಡಪ್ಪನ ಮನೆಗೆ ಹೋಗುವಷ್ಟರಲ್ಲಿ ಅಧಿಕಾರಿ ಅರ್ಧ ಲೋಟ ಕಾಫಿ ಕುಡಿದಾಗಿತ್ತು.

"ಇವಳನ್ನ ತಮ್ಮನ ಮಗಳು ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟೇ ಬರುತ್ತೆ ಸಾರ್." ದೊಡ್ಡಪ್ಪ ಹುಡುಗಿಯ ತಲೆ ಸವರಿದರು. "ಅವನು ಹೋದಾಗಿಂದ ನಾನೇ ಅಪ್ಪ. ಓದಿಸೋಕೆ ನಾನಿಲ್ವಾ? ನಿಮ್ಮ ದುಡ್ಡು ಗತಿಯಿಲ್ಲದ ಮಕ್ಕಳಿಗೆ ಕೊಡಿ."

ಅಧಿಕಾರಿ ಲೋಟ ಕೆಳಗಿಟ್ಟರು. ಟಿ.ವಿ. ಬಚ್ಚಿಟ್ಟು ಬಡವರಾದವರನ್ನು ಅವರು ಬೇಕಾದಷ್ಟು ನೋಡಿದ್ದರು. ಬೇಡ ಅಂದವರನ್ನು ನೋಡಿರಲಿಲ್ಲ. "ಹೌದೇನಮ್ಮಾ?" ಎಂದು ತಾಯಿಯನ್ನು ಕೇಳಿದರು.

ತಾಯಿ ಭಾವನ ಮುಖ ನೋಡಿದಳು. ತಲೆಯ ಮೇಲಿನ ಸೂರು ಅವರದು. ಅದಕ್ಕಿಂತ ಹೆಚ್ಚಾಗಿ, ಆ ಗಳಿಗೆ ಅವಳು ನಂಬಿಬಿಟ್ಟಳು. ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಏನೋ ಹೇಳಹೊರಟ ಮಗಳ ಮೊಣಕೈ ಹಿಡಿದು ಒತ್ತಿದಳು.

ಸಂಜೆ ತಾಯಿ ಕೃತಜ್ಞತೆ ಹೇಳಲು ಹೋದಾಗ ದೊಡ್ಡಪ್ಪ ಉಗುರು ಕತ್ತರಿಸಿಕೊಳ್ಳುತ್ತಿದ್ದರು.

"ಶುಲ್ಕಾನಾ? ಯಾವ ಶುಲ್ಕ?"

"ಓದಿಸ್ತೀನಿ ಅಂದ್ರಲ್ಲ ಭಾವಾ..."

"ಅಂದೆ. ಮತ್ತಿನ್ನೇನು, ನಮ್ಮನೇಲಿ ಭಿಕ್ಷುಕರಿದ್ದಾರೆ ಅಂತ ಕಂಡೋರ ಮುಂದೆ ಡಂಗುರ ಹೊಡೀಲಾ? ನನ್ನನ್ನೊಂದು ಮಾತು ಕೇಳ್ದೆ ಅರ್ಜಿ ಹಾಕಿಸ್ದೋಳು ನೀನು. ಈಗ ನನ್ನ ಕೇಳ್ತೀಯಾ?"

ಮರುದಿನ ಹುಡುಗಿ ಒಬ್ಬಳೇ ಕಚೇರಿಗೆ ಹೋದಳು. ಅಧಿಕಾರಿ ಎದ್ದು ತಾವೇ ಕುರ್ಚಿ ಎಳೆದುಕೊಟ್ಟರು. "ವರದಿ ಕೊಟ್ಟಾಯ್ತಲ್ಲ ಮಗು. ನಾನು ಓದಿಸಲ್ಲ ಅಂತ ನಿಮ್ಮ ದೊಡ್ಡಪ್ಪ ಬರ್ಕೊಟ್ರೆ ಬದಲಾಯಿಸಬಹುದು."

"ಅವರು ಬರ್ಕೊಡಲ್ಲ ಸಾರ್."

"ಹಾಗಂದ್ರೆ ಓದಿಸ್ತಾರೆ ಅಂತಲೇ ಅಲ್ವಾ?" ಅವರ ಮಾತಿನಲ್ಲಿ ಕುಹಕವಿರಲಿಲ್ಲ. "ದೇವರಂಥ ಮನುಷ್ಯರಮ್ಮ. ಅವರ ಮೇಲೆ ಸಿಟ್ಟು ಮಾಡ್ಕೋಬೇಡ."

ಆದರೂ ಅವಳು ಕೇಳಿದಳು. ದೊಡ್ಡಪ್ಪ ಊಟಕ್ಕೆ ಕೂತಿದ್ದರು. "ತಮ್ಮನ ಮಗಳನ್ನ ಬೀದಿಗೆ ಬಿಟ್ಟೆ ಅಂತ ನನ್ನ ಕೈಯಾರೆ ನಾನೇ ಬರೀಬೇಕಾ?" ಎಂದರು. ಅಷ್ಟು ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಮಗ ಹೊರಬಂದು ಅಪ್ಪನ ಪಕ್ಕದಲ್ಲಿ ಕೂತ. ದೊಡ್ಡಪ್ಪ ಅವನ ತಟ್ಟೆಗೆ ತಾವೇ ಬಡಿಸಿದರು.

"ನಾನು ಅವತ್ತು ಒಂದು ಮಾತಾಡಿದ್ದಿದ್ರೆ..." ಎಂದು ತಾಯಿ ಹಿತ್ತಿಲಲ್ಲಿ ಅತ್ತಳು.

"ಆಡ್ಲಿಲ್ವಲ್ಲ," ಎಂದಳು ಮಗಳು.

ಶುಲ್ಕ ಕಟ್ಟುವ ಗಡುವು ಮುಗಿಯಿತು. ಹುಡುಗಿ ದೊಡ್ಡಪ್ಪನ ನಲ್ಲಿ-ಬೇಸಿನ್ ಅಂಗಡಿಯಲ್ಲಿ ಬಿಲ್ಲು ಬರೆಯಲು ಕೂತಳು. "ಯೂನಿವರ್ಸಿಟಿ ಸೀಟು ಸಿಕ್ಕಿತ್ತು ಇವಳಿಗೆ," ಎಂದು ಅವರು ಗಿರಾಕಿಗಳಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. "ನಮ್ಮನ್ನ ಬಿಟ್ಟು ಇರಲಾರೆ ಅಂದ್ಬಿಟ್ಲು." ಗಿರಾಕಿಗಳು ಮೆಚ್ಚುಗೆಯಿಂದ ಅವಳತ್ತ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಪುಟ್ಟ ಮಗಳು, ಮಾರಾಟಕ್ಕೆಂದು ಗೋಡೆಗೆ ಜೋಡಿಸಿದ್ದ ನಲ್ಲಿಯೊಂದನ್ನು ತಿರುಗಿಸಿ ಕೆಳಗೆ ಬೊಗಸೆಯೊಡ್ಡಿದಳು. ಏನೂ ಬರಲಿಲ್ಲ. ಮಗು ಇನ್ನಷ್ಟು ತಿರುಗಿಸಿ ಮತ್ತೆ ಬೊಗಸೆ ಹಿಡಿಯಿತು. ಹುಡುಗಿ ಬಿಲ್ಲು ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಬರುವುದಿಲ್ಲ ಎಂದು ಹೇಳಲಿಲ್ಲ.