ಬೇಡದ ನಂಬರು

ಟೀವಿ ರಿಪೇರಿಯವನ ಹೆಂಡತಿಗೆ ಕಾಯಿಲೆ ಬಂದು ಮೊದಲು ಕಾಲು ಹೋಯಿತು, ಆಮೇಲೆ ಕೈ, ಕೊನೆಗೆ ಮಾತು. ಉಳಿದದ್ದು ಬಲಗೈಯ ಒಂದು ಬೆರಳು. ಆ ಬೆರಳಿಗಾಗಿ ಅವನು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಕಂಪ್ಯೂಟರನ್ನು ಮಂಚದ ಪಕ್ಕಕ್ಕೆ ತಂದ. ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಸಬೇಕಾದ ಕಾಲದ್ದು. ಅದರ ಮೆಮೊರಿಯಲ್ಲಿ ಈಗಿನ ಒಂದು ಫೋಟೋ ಕೂಡ ಹಿಡಿಸುವುದಿಲ್ಲ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ. ಕನ್ನಡದ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ತಾನೇ ಬರೆದ. ಅವೇ ಮೆಮೊರಿಯ ಅರ್ಧ ಜಾಗ ನುಂಗಿದವು. ಪರದೆಗೆ ಮೀಸಲಾದ ಜಾಗವನ್ನೂ ಕಿತ್ತುಕೊಂಡು ಅಲ್ಲಿ ಮಾತುಗಳನ್ನು ತುರುಕಿದ. ಹಾಗಾಗಿ ಮಾತಿನ ಪಟ್ಟಿ ಟೀವಿಯಲ್ಲಿ ಬರುತ್ತಿರಲಿಲ್ಲ; ಒಂದೊಂದು ಮಾತಿಗೆ ಒಂದೊಂದು ಟಿಕ್ ಸದ್ದು. ಅವಳು ಎಣಿಸಿಕೊಂಡು ತನ್ನ ಟಿಕ್ಕಿಗೆ ಗುಂಡಿ ಒತ್ತಿದರೆ ಆ ಒಂದು ಮಾತು ಪರದೆಯ ತಳದಲ್ಲಿ ಮೂಡುತ್ತಿತ್ತು. ಓದುವವರು ಎದುರಿಗಿದ್ದವರು, ಮಲಗಿದ ಅವಳಿಗೆ ಟೀವಿ ಕಾಣುತ್ತಿರಲಿಲ್ಲ. ಮಾತುಗಳನ್ನೂ ಅವನು ಇಡಿಯಾಗಿ ಇಡಲಿಲ್ಲ, ತುಂಡು ಮಾಡಿ ನಂಬರು ಕೊಟ್ಟ. 'ಬೇ' ಒಂದು, 'ಕು' ಎರಡು, 'ಡ' ಮೂರು. ಒಂದಕ್ಕೆ ಎರಡು ಹತ್ತಿದರೆ ಬೇಕು, ಮೂರು ಹತ್ತಿದರೆ ಬೇಡ. ಜಿಪುಣಾಗ್ರೇಸರ ಎಂದರೆ ಇವನೇ.

"ಅಪ್ಪಾ, ತಿನ್ನಿಸುವಾಗ ಸಾಕು ಅನ್ನೋಕೆ ಅಮ್ಮಂಗೆ ಆಗ್ತಿಲ್ಲ. ಅದೊಂದು ಸೇರ್ಸು," ಎಂದಳು ಮಗಳು.

'ಸಾ' ಮೊದಲಲ್ಲಿ ಬಂದು ಕೂತಿತು; ಉಳಿದ ತುಂಡುಗಳೆಲ್ಲ ಒಂದೊಂದು ನಂಬರು ಮುಂದೆ ಸರಿದವು. ಅದಕ್ಕೆ ತಕ್ಕಂತೆ ಹಳೇ ಮಾತುಗಳ ನಂಬರುಗಳನ್ನೂ ಒಂದೊಂದಾಗಿ ತಿದ್ದಿದ. 'ಸಾಕು' ಒತ್ತಿ ನೋಡಿದ, ಬಂತು. ಬೇರೆ ಯಾವುದನ್ನೂ ನೋಡಲಿಲ್ಲ.

ಮರುದಿನ ಡಾಕ್ಟರು ಬಂದರು. "ಉಸಿರಾಟ ಕಷ್ಟ ಆಗ್ತಿದೆಯಮ್ಮಾ. ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕ್ಬಿಡೋಣ್ವಾ?"

ಪರದೆಯಲ್ಲಿ ಬೇಕು ಎಂದು ಬಂತು. ಮತ್ತೆ ಬೇಕು. ಮೂರನೇ ಸಲವೂ ಬೇಕು. ಮಾತಿದ್ದಾಗ "ಗಂಟಲಿಗೆ ತೂತು ಮಾತ್ರ ಬೇಡ ಕಣ್ರೀ" ಎಂದು ಅತ್ತಿದ್ದವಳು ಇವಳೇ. ಮನಸ್ಸು ಬದಲಾಯಿತು ಎಂದುಕೊಂಡ ಪುಣ್ಯಾತ್ಮ. ಒಂದು ಸಲವಾದರೂ ಅನುಮಾನ ಪಡಬಾರದೇ? ಪಡಲಿಲ್ಲ. ಅವನಿಗೆ ಅವಳು ಉಳಿಯಬೇಕಿತ್ತು. "ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ," ಎಂದು ನಕ್ಕೂಬಿಟ್ಟ.

ಆಸ್ಪತ್ರೆಯಿಂದ ಬಂದ ಮೇಲೆ ಹತ್ತು ದಿನ ಅವಳು ಗುಂಡಿ ಮುಟ್ಟಲಿಲ್ಲ. ಯಂತ್ರ ಕೆಟ್ಟಿತೇನೋ ಎಂದು ಹನ್ನೊಂದನೇ ದಿನ ಅವನೇ ಒಂದೊಂದು ಮಾತನ್ನೂ ಒತ್ತಿ ನೋಡಿದ. ಬೇಡ ಒತ್ತಿದರೆ ಬೇಕು ಬಂತು. ಆ ಒಂದು ಕಡೆ 'ಡ'ದ ಮೂರನ್ನು ನಾಲ್ಕು ಮಾಡುವುದನ್ನು ಮರೆತಿದ್ದ, ಅಷ್ಟೇ; ಮೂರು ಈಗ 'ಕು'. ತಾನು ಮೂರು ಸಲ ಬೇಡ ಎಂದದ್ದನ್ನು ಗಂಡ ಓದಿ, ನಕ್ಕು, ಕತ್ತು ಕೊಯ್ಯಲು ಕಳಿಸಿದ ಎಂದೇ ಅವಳು ಹತ್ತು ದಿನದಿಂದ ತಿಳಿದು ಮಲಗಿದ್ದಳು.

ಸರಿಪಡಿಸಿ, ಅವಳ ಪಕ್ಕ ಕೂತು, ಅಳುತ್ತಲೇ ಎಲ್ಲವನ್ನೂ ಹೇಳಿದ. "ತಪ್ಪು ನಂದೇ ಕಣೇ. ಬೇಕು ಅಂತ್ಲೇ ಬಂತು, ಮಗಳ ಆಣೆ. ನಂಬ್ತೀಯಲ್ವಾ?"

ಟಿಕ್ಕುಗಳು ಸುಮ್ಮನೆ ಸಾಗಿದವು.

"ನಿನ್ನ ಹತ್ರ ಕೂತಿರ್ಲಾ?"

ಬೆರಳು ಅಲುಗಿತು. ಬೇಡ.

ಅವನು ಎದ್ದು ಟೀವಿಯ ಎದುರಿಗೆ ಹೋಗಿ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದತೊಡಗಿದ. ಇನ್ನೊಂದೇ ಒಂದು ತಪ್ಪು ಸಿಗಲಿ ದೇವರೇ ಎಂದು ಕೊನೆಯ ಸಾಲಿನವರೆಗೂ ಹುಡುಕಿದ. ಎಲ್ಲ ಸರಿಯಾಗಿತ್ತು.