ಕತ್ತರಿ ಯಂತ್ರಕ್ಕೆ ಹಳೆಯ ವಿಳಾಸ

ತಂತಿ ಎಂಬುವಳ ಅಣ್ಣ ಅತ್ತಿಗೆಯ ಅಂಗಡಿಯಲ್ಲಿ ಕಂಡಕಂಡವರ ಕಾಲಿಗಾಗುವ ಸಿದ್ಧ ಬೂಟು ಸಿಗುತ್ತಿರಲಿಲ್ಲ. ಒಂದು ಕಾಲು ಗಿಡ್ಡ ಇದ್ದವರಿಗೆ, ಪಾದ ಒಳಕ್ಕೆ ತಿರುಗಿದವರಿಗೆ ಅಳತೆ ತೆಗೆದು ಹೊಲಿದುಕೊಡುತ್ತಿದ್ದರು. ಅತ್ತಿಗೆ ಅಳತೆಯನ್ನು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿದರೆ ಪಕ್ಕದ ಕೋಣೆಯ ಯಂತ್ರ ಚರ್ಮ ಕತ್ತರಿಸುತ್ತಿತ್ತು. ನಕ್ಷೆ ಬಿಡಿಸುವ ಪ್ರೋಗ್ರಾಂ ಬಹಳ ಹಳೆಯದು. ಅದನ್ನು ಮಾಡಿದವರು ಎಂದೋ ಬಾಗಿಲು ಮುಚ್ಚಿದ್ದರು.

ಒಂದು ದಿನ ಕಂಪ್ಯೂಟರ್ ಸತ್ತಿತು. ಒಳಗಿನ ಡಿಸ್ಕ್ ಮಾತ್ರ ಉಳಿಯಿತು. ರಿಪೇರಿಯವನು ಕೈಚೆಲ್ಲಿದ ಮೇಲೆ ತಂತಿ ತಾನು ನೋಡುತ್ತೇನೆ ಎಂದಳು. ಅದು ಮನೆಯವರು ಇಟ್ಟ ಅಡ್ಡಹೆಸರು. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಜೋಡಿಸಿದಾಗ ಒಂದು ತಂತಿ ಮಿಕ್ಕಿತ್ತು. ಈಗ ಅವಳು ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವವಳು, ಆದರೂ ಅಣ್ಣ ಆ ರೇಡಿಯೋ ಮರೆತಿರಲಿಲ್ಲ. ಇನ್ನು ಕೆಡಿಸೋಕೆ ಉಳಿದಿರೋದಾದರೂ ಏನು ಎಂದು ನಗುತ್ತ ಒಪ್ಪಿದ.

ತಂತಿ ಹೊಸ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಕಟ್ಟಿದಳು. ಕೈಗೆ ಸಿಗದ, ಬರೀ ಸಾಫ್ಟ್‌ವೇರಿನಿಂದಾದ ವರ್ಚುವಲ್ ಮಷೀನ್. ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಇಳಿಸಿದಾಗ ಹಳೆಯ ಪ್ರೋಗ್ರಾಂ ಕಣ್ಣುಬಿಟ್ಟಿತು. ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತಳು. ಗಿರಾಕಿಗಳ ಪಾದಗಳೆಲ್ಲ ಇದ್ದಲ್ಲೇ ಇದ್ದವು. ಬೂಟು ಸವೆದು ರಜೆ ಹಾಕಿ ಕೂತಿದ್ದ ಅಂಚೆಯಾಕೆಯ ನಕ್ಷೆ ತೆಗೆದು ಗುಂಡಿ ಒತ್ತಿದಳು. ಪಕ್ಕದ ಕೋಣೆಯಲ್ಲಿ ಸದ್ದೇ ಇಲ್ಲ.

ಒಳಗಿನ ಕಂಪ್ಯೂಟರ್ ಹೊಸದರ ಹೊಟ್ಟೆಯಲ್ಲೇ ಅಡಗಿದೆ, ಅದಕ್ಕೆ ಬೀದಿಗೆ ಬಾಗಿಲಿಲ್ಲ ಎಂದು ತಂತಿ ವಿವರಿಸಿದಳು. ಸೆಟ್ಟಿಂಗ್ ಬದಲಿಸಿ, ಅಂಗಡಿಯ ನೆಟ್‌ವರ್ಕಿನಲ್ಲಿ ಅದೂ ಒಂದು ಬೇರೆ ಮನೆ ಎನ್ನುವಂತೆ ಮಾಡಿದಳು. ಈಗ ಕತ್ತರಿ ಯಂತ್ರಕ್ಕೆ ಕರೆ ಕೇಳಿಸಿತು, ಆದರೆ ಕೆಲಸ ಮಾತ್ರ ಒಲ್ಲೆ ಎಂದಿತು. ಮಧ್ಯಾಹ್ನವಿಡೀ ಹೆಣಗಿದಳು. ಅಣ್ಣ ಎರಡು ಸಲ ಇಣುಕಿ, ಹೊಲಿಗೆಗೆ ಮರಳಿದ.

ಕೊನೆಗೆ ಅತ್ತಿಗೆಯನ್ನೇ ಕೇಳಿದಳು: "ಅತ್ತಿಗೆ, ಈ ಯಂತ್ರಕ್ಕೆ ಬೇರೆ ಕಂಪ್ಯೂಟರಿಂದ ಯಾವತ್ತಾದ್ರೂ ಕೆಲಸ ಕೊಟ್ಟಿದ್ರಾ?"

"ಇಲ್ಲ ಕಣೆ. ಆ ಹಳೇ ಕಂಪ್ಯೂಟರೊಂದರ ಮಾತು ಮಾತ್ರ ಕೇಳೋ ಹಾಗೆ ಮಾಡಿದೀನಿ ಅಂದಿದ್ದ, ಜೋಡಿಸಿಕೊಟ್ಟವನು."

ತಂತಿಗೆ ನಗು ಬಂತು. ಯಂತ್ರ ಗುರುತು ಹಿಡಿಯುತ್ತಿದ್ದ, ಸತ್ತ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸವನ್ನು ಡಿಸ್ಕಿನಲ್ಲಿ ಹುಡುಕಿ, ಅಂಕಿ ತಪ್ಪದಂತೆ ಒಳಗಿನ ಕಂಪ್ಯೂಟರಿಗೆ ಕೊಟ್ಟಳು. ಅತ್ತಿಗೆ ಮತ್ತೆ ಗುಂಡಿ ಒತ್ತಿದಳು. ಗೋಡೆಯಾಚೆ ಅಲಗು ಗರಗರ ಎಂದು ಚರ್ಮಕ್ಕೆ ಇಳಿಯಿತು. ಅಣ್ಣ ಹೊಲಿಗೆ ಬಿಟ್ಟು ಓಡಿಬಂದ. ಮೂವರೂ ಬಾಗಿಲಲ್ಲಿ ನಿಂತು, ಒಂದು ಎಡ ಪಾದದ ಆಕಾರ ಬಿಡಿಬಿಡಿಯಾಗಿ ಬೇರಾಗುವುದನ್ನು ನೋಡಿದರು.

ಹಳೆಯ ಪ್ರೋಗ್ರಾಂ ಹೊರಗಿನ ಗಾಳಿ ತಡೆಯದು ಎಂದು ತಂತಿ ಅದಕ್ಕೆ ಇಂಟರ್ನೆಟ್ ದಾರಿ ಮುಚ್ಚಿ, ಯಂತ್ರದೊಡನೆ ಮಾತ್ರ ಮಾತಿರುವಂತೆ ಮಾಡಿದಳು. ಇಡೀ ಮಷೀನಿನ ಇನ್ನೊಂದು ಪ್ರತಿಯನ್ನೂ ತೆಗೆದಿಟ್ಟಳು.

ವಾರ ಕಳೆದು ಅಂಚೆಯಾಕೆ ಹೊಸ ಬೂಟು ತೊಟ್ಟು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆದಳು. ಸೊಂಟ ವಾಲಲಿಲ್ಲ. ಕಂಪ್ಯೂಟರ್ ಹೋಯಿತು ಅಂದಿದ್ದಿರಲ್ಲ, ಯಾರು ಸರಿ ಮಾಡಿದ್ದು ಎಂದು ಕೇಳಿದಳು. ಹೊಗಳಿಕೆಯಲ್ಲಿ ಬಲು ಜಿಪುಣಿಯಾದ ಅತ್ತಿಗೆ ನಾದಿನಿಯ ಹೆಗಲು ಹಿಡಿದು ಮುಂದಕ್ಕೆ ತಂದಳು.

"ನಮ್ಮನೆ ಹುಡುಗಿ," ಎಂದಳು.

ಅಂಥ ಹೊತ್ತಿನಲ್ಲಿ ಅಯ್ಯೋ ಏನಿಲ್ಲ ಬಿಡಿ ಎನ್ನುವುದು ತಂತಿಯ ರೂಢಿ. ಅಂದು ಹಾಗನ್ನಲಿಲ್ಲ.

"ಹೌದು," ಎಂದಳು, "ನಾನೇ ಮಾಡಿದ್ದು."