ಕಿರುಬೆರಳಿನ ಹೊಲಿಗೆ

ಹೊಸ ಕೈಗವಸು ಬೇಕೆಂದು ನನ್ನ ಗಂಡ ಸಿದ್ದರಾಜು ಹದಿನೈದು ದಿನದಿಂದ ತಲೆ ತಿನ್ನುತ್ತಿದ್ದರು. ಮೋಟಾರ್ ಸೈಕಲ್ ಓಡಿಸುವಾಗ ಹಾಕಿಕೊಳ್ಳುವ ತೊಗಲಿನ ಕೈಗವಸು. ಹಳೆಯದು ಬಿಸಿಲಿಗೆ ಒಣಗಿ ಸೆಟೆದುಕೊಂಡಿದೆ, ಬ್ರೇಕು ಹಿಡಿದದ್ದೇ ಗೊತ್ತಾಗುವುದಿಲ್ಲ, ಎಲ್ಲಾ ಅದರದೇ ತಪ್ಪು ಅನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ನಾಲಿಗೆಯ ತುದಿಗೆ ಬಂದರೂ ನಾನು ಆಡಲಿಲ್ಲ. ಈ ಅಣ್ಣಮ್ಮ ಅಂದರೆ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವ ಹೆಂಗಸಲ್ಲ, ಚಿನಕುರಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆ ಹದಿನೈದು ದಿನ ಮಾತ್ರ ನುಂಗಿಕೊಂಡೆ.

ಯಾಕೆಂದರೆ ತಪ್ಪು ಕೈಗವಸಿನದಲ್ಲ, ಕೈಯದೇ ಇರಬೇಕೆಂದು ನನಗೆ ಭಯ ಹುಟ್ಟಿತ್ತು.

ಅವರು ಹೊಸ ನಾಲೆಯ ಮೇಲೆ ಓವರ್‌ಸಿಯರು. ಬೆಳಗಾದರೆ ಏರಿಯ ಮೇಲೆ ಫಟಫಟಿ ಓಡಿಸಿಕೊಂಡು ತೂಬು ನೋಡುವುದೇ ಕೆಲಸ. ಒಂದು ದಿನ ಅಂಗಳದಲ್ಲಿ ಕೂತು ಇಂಜಿನ್ನು ಬಿಚ್ಚುತ್ತಿದ್ದರು. ನಾನು ಒಲೆಯ ಮುಂದೆ ಇದ್ದೆ. ಸುಟ್ಟ ವಾಸನೆ ಬಂತು. ಒಲೆಯ ಮೇಲೆ ಏನೂ ಸೀದಿರಲಿಲ್ಲ. ಹೊರಗೆ ಬಂದು ನೋಡಿದರೆ ಇವರ ಬಲಗೈಯ ಕಿರುಬೆರಳು ಕಾದ ಇಂಜಿನ್ನಿಗೆ ಒತ್ತಿಕೊಂಡಿದೆ, ಇವರು ಸಿಳ್ಳೆ ಹಾಕುತ್ತಾ ಇನ್ನೊಂದು ಕೈಯಲ್ಲಿ ಬೋಲ್ಟು ತಿರುಗಿಸುತ್ತಿದ್ದಾರೆ. ನಾನು ಕಿರುಚಿದ ಮೇಲೆ ಕೈ ತೆಗೆದರು. ಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು. "ಗಾಡಿ ನಡುಗಿ ನಡುಗಿ ಕೈ ಜೋಮು ಹಿಡ್ಕಂಡದೆ ಕಣೆ, ಅಷ್ಟೇಯ" ಅಂದರು.

ಆ ವಾರ ಎಣ್ಣೆ ನೀರು ಹಾಕುವಾಗ ಅವರ ಬಲ ಮೊಣಕೈ ಹತ್ತಿರ ಅಡಿಕೆ ಹೋಳಿನಷ್ಟು ಅಗಲದ ಒಂದು ಬಿಳಿಚಿದ ಮಚ್ಚೆ ಕಂಡೆ. ಎಣ್ಣೆ ತಿಕ್ಕುವ ನೆಪದಲ್ಲಿ ಅದನ್ನು ಉಗುರಿನಿಂದ ಗಟ್ಟಿಯಾಗಿ ಚಿವುಟಿದೆ. ಅವರು ನಾಲೆಯ ನೀರಿನ ಮಾತು ಆಡುತ್ತಲೇ ಇದ್ದರು.

ನನ್ನ ಸೋದರಮಾವ ಹುಚ್ಚಣ್ಣನಿಗೂ ಶುರುವಾದದ್ದು ಹೀಗೇ. ಬೀಡಿ ಬೆರಳು ಸುಟ್ಟರೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಕುಷ್ಠ ಅಂದರು. ಹೊಲದ ತುದಿಯಲ್ಲಿ ಒಂದು ಗುಡಿಸಲು ಹಾಕಿಕೊಟ್ಟರು. ಅವ್ವ ಅಂಬಲಿಯನ್ನು ಎಲ್ಲೆಗಲ್ಲಿನ ಮೇಲೆ ಇಟ್ಟು, ಕೂಗಿ ಹೇಳಿ, ತಿರುಗಿ ನೋಡದೆ ಬರುತ್ತಿದ್ದಳು. ಒಡಹುಟ್ಟಿದವಳು! ನಾಲ್ಕು ವರ್ಷ ಹಾಗೆ ಬದುಕಿ ಸತ್ತ. ಅವನನ್ನು ನೆನೆಸಿಕೊಂಡರೆ ಈಗಲೂ ನನಗೆ ಅಳುವಿಗಿಂತ ಮೊದಲು ಕೋಪ ಬರುತ್ತದೆ.

ಹಾಗಾಗಿ ಶುಕ್ರವಾರ ಬೆಳಿಗ್ಗೆ ಇವರು ಶ್ರೀರಂಗಪಟ್ಟಣಕ್ಕೆ ಹೊರಟಾಗ ನಾನೂ ಸೆರಗು ಬಿಗಿದುಕೊಂಡು ಹಿಂದೆ ಹತ್ತಿ ಕೂತೆ.

"ಕೈಗವಸು ಆರಿಸೋಕೆ ಹೆಂಡ್ತಿ ಯಾಕೆ?" ಅಂದರು.

"ನನ್ನ ಸೀರೆ ಆರಿಸೋಕೆ ನೀವು ಯಾಕ್ ಬತ್ತೀರಿ? ಅದ್ಕೇ."

ನಕ್ಕರು. ನನಗೆ ನಗು ಬರಲಿಲ್ಲ. ಅಂಗಡಿಯಲ್ಲಿ ಯಾರಾದರೂ ಅವರ ಅಂಗಿಯ ತೋಳು ಮಡಿಸಿ ಆ ಮಚ್ಚೆ ನೋಡಿದರೆ ಅಡ್ಡ ನಿಲ್ಲುವುದಕ್ಕೆ ನಾನು ಬೇಕಿತ್ತು. ಇನ್ನೂ ಒಂದು ಆಸೆ ಇತ್ತು, ಅದನ್ನು ಹೇಳಲು ನಾಚಿಕೆ. ಒಳ್ಳೆಯ ಕೈಗವಸು ಸಿಕ್ಕಿ, ಹಾಕಿಕೊಂಡ ತಕ್ಷಣ ಇವರು "ಹಾಂ, ಈಗ ಸರಿಹೋಯ್ತು" ಅಂದುಬಿಟ್ಟರೆ? ಆಗ ನನ್ನದೇ ಹುಚ್ಚು ಅನುಮಾನ ಅಂದುಕೊಂಡು ದೇವರಿಗೆ ಕಾಯಿ ಒಡೆಸುತ್ತಿದ್ದೆ.

ಬಲಕ್ಕೆ ತಿರುಗಿ ಹೊಳೆಯ ಕಲ್ಲಿನ ಸೇತುವೆ ಹತ್ತಿದೆವು. ಎಡಗಡೆ ದೂರದಲ್ಲಿ ಕರಿಘಟ್ಟದ ಗುಡ್ಡ. ಎದುರಿಗೆ ಹುಲ್ಲಿನ ಗಾಡಿಯೊಂದು ಅಡ್ಡಾದಿಡ್ಡಿ ಬಂತು. ಇವರು ಬಲಗೈಯಲ್ಲಿ ಬ್ರೇಕು ಹಿಡಿದರು, ಕೈ ಜಾರಿತು, ಮತ್ತೆ ಹಿಡಿದರು, ಮತ್ತೆ ಜಾರಿತು. ಎತ್ತಿನ ಕೊಂಬು ನನ್ನ ಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು. ಕಾಲಿನ ಬ್ರೇಕು ತುಳಿದು ಗಾಡಿ ನಿಲ್ಲಿಸುವ ಹೊತ್ತಿಗೆ ಮುಂದಿನ ಚಕ್ರ ಸೇತುವೆಯ ಅಂಚುಗಲ್ಲಿಗೆ ತಾಗಿತ್ತು. ಕೆಳಗೆ ಕಾವೇರಿ, ಬಂಡೆ.

"ನೋಡ್ದಾ ಈ ಹಾಳು ಕೈಗವಸಾ!" ಎಂದು ಅದನ್ನು ಕಿತ್ತು ಹೊಳೆಗೆ ಎಸೆದೇಬಿಟ್ಟರು.

ಪೇಟೆ ಬೀದಿಯಲ್ಲಿ ಮುದ್ದಯ್ಯನವರದು ಕುದುರೆ ಜೀನಿನ ಅಂಗಡಿ. ಕುದುರೆಗಳು ಕಡಿಮೆಯಾಗಿ ಮೋಟಾರು ಬಂದ ಮೇಲೆ ಬೆಲ್ಟು, ಚೀಲ, ಕೈಗವಸು ಕೂಡ ಇಟ್ಟಿದ್ದರು. ಅಂಗಡಿಯ ಬೆಂಚಿನ ಮೇಲೆ ನಮ್ಮೂರಿನ ದ್ಯಾವಯ್ಯ ಕೂತಿದ್ದ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರೆಲ್ಲಾ ಟಾಂ ಟಾಂ ಆಗುತ್ತದೆ. ಇವರು ಜೇಬಿನಿಂದ ಎಲೆ ಅಡಿಕೆ ತೆಗೆದು ಅವನ ಕೈಗೆ ಕೊಟ್ಟರು. ಅವನು ಬಾಯಿಗೆ ಹಾಕಿಕೊಂಡು ಗಟ್ಟಿಯಾಗಿ ಕೂತ. ಇನ್ನು ಇವನು ಏಳುವವನಲ್ಲ.

ಮುದ್ದಯ್ಯ ಕೋಲಿನಿಂದ ಮೇಲಿನ ಗೂಟದಲ್ಲಿದ್ದ ಮೂರು ಜೊತೆ ಕೈಗವಸು ಇಳಿಸಿದರು. ಮೊದಲನೆಯದು ದಪ್ಪ ತೊಗಲು, ಒಳಗೆ ಉಣ್ಣೆ, ಮುಂಗೈ ತನಕ ಮುಚ್ಚುವಂಥದ್ದು. "ಸೀಮೆ ಮಾಲು ಸ್ವಾಮಿ. ಹಾಕ್ಕಂಡು ಈ ಹುಣಿಸೆ ಬೀಜ ಎತ್ತಿ ನೋಡಿ. ಎತ್ತಕ್ಕಾದ್ರೆ ಒಳ್ಳೆ ಗ್ಲೌಸು."

ಇವರು ಹೆಬ್ಬೆರಳು ತೋರುಬೆರಳಲ್ಲಿ ಬೀಜ ಎತ್ತಿದರು! ನನಗೆ ಜೀವ ಬಂದಂತಾಯಿತು. ಆದರೆ ಅವರಿಗೆ ಸಮಾಧಾನ ಇರಲಿಲ್ಲ. ಮುದ್ದಯ್ಯನ ಕೋಲನ್ನು ಬ್ರೇಕಿನ ಹಾಗೆ ಹಿಡಿದು ಅಮುಕಿದರು. ಕೋಲು ಕೆಳಗಿನ ಎರಡು ಬೆರಳಿನಿಂದ ಜಾರಿ ಬಿತ್ತು. ಎರಡನೆಯದು ಖಾಕಿ ಬಟ್ಟೆಯದು, ಅದರಲ್ಲೂ ಜಾರಿತು. ಮೂರನೆಯದು ಜಿಂಕೆ ತೊಗಲು, ಬೆಣ್ಣೆಯಷ್ಟು ಮೆತ್ತಗೆ, ಅದರಲ್ಲೂ ಜಾರಿತು. ಮತ್ತೆ ಮೊದಲನೆಯದನ್ನೇ ಹಾಕಿದರು. ಕೋಲು ನೆಲಕ್ಕೆ ಬಿದ್ದಾಗಲೆಲ್ಲ ದ್ಯಾವಯ್ಯ ತಲೆ ಎತ್ತುತ್ತಿದ್ದ.

"ಒಂದ್ರಲ್ಲೂ ಹಿಡಿತ ಸಿಕ್ತಾ ಇಲ್ವಲ್ರೀ!" ಎಂದು ಇವರು ಕೂಗಿದರು. ಅದು ಕೋಪ ಅಂತ ಅವರಿಬ್ಬರೂ ತಿಳಿದರು. ಹನ್ನೊಂದು ವರ್ಷ ಜೊತೆಗೆ ಬಾಳಿದ ನನಗೆ ಅದು ಹೆದರಿಕೆ ಅಂತ ಗೊತ್ತಾಯಿತು. ಇವರೂ ರಾತ್ರಿಯೆಲ್ಲ ಆ ಬೆರಳನ್ನು ಚಿವುಟಿ ನೋಡಿಕೊಂಡಿರಬೇಕು.

"ರೆಡಿಮೇಡು ಬ್ಯಾಡ ಬುಡಿ" ಎಂದರು ಮುದ್ದಯ್ಯ. "ನಮ್ ಮಂಚಯ್ಯ ಕೈಮೇಲೇ ಒಲ್ದು ಕೊಡ್ತಾನೆ. ಮೈಸೂರು ಕುದುರೆ ಪಡೇಲಿ ಸವಾರ್ರಿಗೆಲ್ಲಾ ಒಲೀತಿದ್ದೋನು."

ಮಂಚಯ್ಯ ಅಂಗಡಿಯ ಮೆಟ್ಟಿಲ ಕೆಳಗೆ ಗೋಣಿತಾಟಿನ ಮೇಲೆ ಕೂತಿದ್ದ ಮುದುಕ. ಊರಾಚೆ ಕೇರಿಯವನು. ಆ ಕಾಲಕ್ಕೆ ನಮ್ಮವರು ಅವನಂಥವರ ಹತ್ತಿರ ಜೋಡು ಮಾಡಿಸಿದರೂ ಪಾದದ ಅಳತೆಗೆ ದಾರ ಎಸೆಯುತ್ತಿದ್ದರೇ ಹೊರತು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಇವರು ಒಂದು ಗಳಿಗೆ ದ್ಯಾವಯ್ಯನ ಮುಖ ನೋಡಿದರು. ಆಮೇಲೆ, "ಮನೆಗೋಗಿ ನೀರು ಉಯ್ಕಂಡ್ರಾಯ್ತು" ಎನ್ನುತ್ತಾ ಮೆಟ್ಟಿಲ ಮೇಲೆ ಕೂತು ಕೈ ಚಾಚಿದರು.

ಮಂಚಯ್ಯ ನೆನೆಸಿದ ತೆಳ್ಳನೆಯ ಕುರಿ ತೊಗಲನ್ನು ಕೈಗೆ ಸುತ್ತಿ, ಆ ಕೈಯನ್ನು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡು, ತೊಗಲು ಚುಚ್ಚುವ ಸೂಜಿಮೊನೆಯ ಉಳಿ ತೆಗೆದ. "ಒಂದೊಂದ್ ಬೆಳ್ಳಾಗಿ ಒಲೀತೀನಿ ಬುದ್ದಿ. ಉಳಿ ಮೊನೆ ಚರ್ಮಕ್ಕೆ ತಾಕ್ತಿದ್ದಂಗೆ 'ಸ್' ಅನ್ನಿ. ಅಲ್ಲೇ ನಿಲ್ಲುಸ್ತೀನಿ. ಆಗ್ಲೇ ಅದು ಚರ್ಮಕ್ ಚರ್ಮ ಕೂರೋದು."

ನಾನು ಮೆಟ್ಟಿಲ ಮೇಲೆ ಪಕ್ಕದಲ್ಲೇ ನಿಂತೆ. ಎಡಗೈ ಮೊದಲು. ಹೆಬ್ಬೆರಳು, "ಸ್." ತೋರುಬೆರಳು, "ಸ್." ಐದಕ್ಕೆ ಐದೂ ಬೆರಳು. ಬಲಗೈ ಬಂತು. ಹೆಬ್ಬೆರಳು, "ಸ್." ತೋರುಬೆರಳು, "ಸ್." ನಡುಬೆರಳಿಗಂತೂ "ಅಯ್ಯೋ, ಮೆಲ್ಲಗ್ ಕಣಯ್ಯ" ಅಂದರು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಮುದುಕನ ಕಾಲಿಗೆ ಬೀಳಬೇಕು ಅನ್ನಿಸಿತು. ಅಷ್ಟರಲ್ಲಿ ದ್ಯಾವಯ್ಯ ನಾಲೆಗೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿದ. ಇವರು ಅವನ ಕಡೆ ತಿರುಗಿ ಮಾತಿಗೆ ಶುರುಮಾಡಿದರು.

ಮಂಚಯ್ಯ ಉಂಗುರದ ಬೆರಳನ್ನು ಕೊನೆಗೆ ಬಿಟ್ಟು ಕಿರುಬೆರಳು ಹಿಡಿದ. ಉಳಿ ತೊಗಲಿಗೆ ಇಳಿಯಿತು. ಇವರು ಮಾತಾಡುತ್ತಿದ್ದರು. ಮಂಚಯ್ಯ "ಸ್" ಅನ್ನುವುದಕ್ಕೆ ಕಾದ. ಇನ್ನೂ ಸ್ವಲ್ಪ ಇಳಿಸಿದ. ಇವರು ತೂಬಿನ ಲೆಕ್ಕ ಹೇಳುತ್ತಿದ್ದರು. ತೊಗಲಿನ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು, ನೋಡುತ್ತಿದ್ದಂತೆಯೇ ಅಗಲವಾಯಿತು.

ಮಂಚಯ್ಯ ತಲೆ ಎತ್ತಿ ಅವರ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಅವನಿಗೆ ಗೊತ್ತಾಯಿತು. ನನಗೆ ಗೊತ್ತಿದೆ ಅನ್ನುವುದೂ ಗೊತ್ತಾಯಿತು. ನಾನು ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದೆ, ಬೇಡ ಅಂತ.

"ಅದೇನ್ಲಾ ರಕ್ತ?" ಎಂದ ದ್ಯಾವಯ್ಯ, ಕುತ್ತಿಗೆ ಉದ್ದ ಮಾಡಿ.

ಮಂಚಯ್ಯ ಉಳಿ ಹಿಂದಕ್ಕೆ ಎಳೆದು, ತೊಗಲಿನ ಮರೆಯಲ್ಲೇ ತನ್ನ ಹೆಬ್ಬೆರಳಿಗೆ ಒತ್ತಿಕೊಂಡ. ಅದನ್ನು ಕಂಡವಳು ನಾನೊಬ್ಬಳೇ. ಆಮೇಲೆ ಬೆರಳು ಎತ್ತಿ ತೋರಿಸಿದ. "ನಂದೇ ಬುದ್ದಿ. ಉಳಿ ಜಾರ್ಬುಡ್ತು."

ಇವರು ತಟ್ಟನೆ ಎದ್ದರು. "ನಿನ್ ರಕ್ತ ನನ್ ಕೈಗ್ ಮೆತ್ತಿದೀಯೇನ್ಲಾ?"

"ಮುಟ್ಟುಸ್ಕಂಡಿದ್ದೇ ಎಚ್ಚಾಗಿತ್ತು" ಎಂದು ದ್ಯಾವಯ್ಯ ಉರಿಯುವ ಬೆಂಕಿಗೆ ತುಪ್ಪ ಸುರಿದ. "ಈಗ ರಕ್ತ ಬ್ಯಾರೆ. ಊರೊಳಕ್ಕೆ ಎಂಗ್ ಬತ್ತೀರಿ ಓವರ್‌ಸಿಯರ್ರೇ?"

ಇವರ ಎಡಗೈ ಮೇಲೆದ್ದು ಮಂಚಯ್ಯನ ಕೆನ್ನೆಗೆ ಬಿತ್ತು, ಅವನೇ ಆಗಷ್ಟೇ ಹೊಲಿದ ಕೈಗವಸಿನ ಸಮೇತ. ಮುದುಕನ ತಲೆಯ ವಸ್ತ್ರ ಚರಂಡಿಗೆ ಉರುಳಿತು.

ನಿಜ ಹೇಳುತ್ತೇನೆ, ನಾನು ಸುಮ್ಮನೆ ನಿಂತಿದ್ದೆ. ಒಂದೇ ಏಟು, ಅದೂ ನನಗಲ್ಲ. ಅಷ್ಟಕ್ಕೆ ಮುಗಿದರೆ ನಾವು ಮನೆಗೆ ಹೋಗಬಹುದು. ಇವರಿಗೆ ಗುಡಿಸಲು ಬೇಡ, ಎಲ್ಲೆಗಲ್ಲು ಬೇಡ. ಹಾಗೆ ಯೋಚಿಸಿದವಳೂ ನಾನೇ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ ಇದೆ.

ಕೈ ಎರಡನೆಯ ಸಲ ಮೇಲೆದ್ದಿತು. ಮಂಚಯ್ಯ ಕಣ್ಣು ಮುಚ್ಚಿಕೊಂಡ.

"ಒಡೀಬ್ಯಾಡಿ!" ನನ್ನ ದನಿ ಇಡೀ ಬೀದಿಗೆ ಕೇಳಿಸಿರಬೇಕು. "ಅದು ನಿಮ್ಮ ರಕ್ತ. ಕಿರುಬೆಳ್ಳು ನೋಡ್ಕಳಿ. ಉಳಿ ಒಳೀಕೋಗಿ ಬಂದದೆ. ನಿಮಗ್ ಗೊತ್ತಾಗ್ಲಿಲ್ಲ."

ಇವರು ಎತ್ತಿದ ಕೈ ಇಳಿಸಿದರು. ಎಡಗೈಯ ಕೈಗವಸು ತೆಗೆದಿಟ್ಟು, ಬಲಗೈಗೆ ಸುತ್ತಿದ್ದ ತೊಗಲು ಬಿಚ್ಚಿದರು. ಕಿರುಬೆರಳಿನ ಬದಿಯಲ್ಲಿ ತೂತು, ಅದರಿಂದ ರಕ್ತ. ಬಗ್ಗಿ ನೆಲದ ಮೇಲಿದ್ದ ಉಳಿ ತೆಗೆದುಕೊಂಡು ತಾವೇ ಚುಚ್ಚಿ ನೋಡಿದರು. ಕಿರುಬೆರಳಿಗೆ ಚುಚ್ಚಿದರು, ಸುಮ್ಮನಿದ್ದರು. ಉಂಗುರದ ಬೆರಳಿಗೆ ಚುಚ್ಚಿದರು, ಸುಮ್ಮನಿದ್ದರು. ನಡುಬೆರಳಿಗೆ ಬಂದಾಗ ಕೈ ತಾನಾಗಿಯೇ ಹಿಂದಕ್ಕೆ ಸೆಳೆದುಕೊಂಡಿತು. ಉಳಿ ಕೆಳಗಿಟ್ಟರು. ಹಿಡಿದುಕೊಳ್ಳಲು ಏನೂ ಸಿಗದವರ ಹಾಗೆ ಮೆಲ್ಲಗೆ ಮೆಟ್ಟಿಲ ಮೇಲೆ ಕುಸಿದರು.

ದ್ಯಾವಯ್ಯ ಬಾಯಲ್ಲಿದ್ದ ಎಲೆ ಅಡಿಕೆಯನ್ನೆಲ್ಲಾ ಬೀದಿಗೆ ಉಗಿದ. ಎರಡು ಸಲ ಉಗಿದ. ಇವರು ಕೊಟ್ಟ ಎಲೆ ಅದು. ನಮ್ಮ ಮುಖ ಕೂಡ ನೋಡದೆ ಬಿರಬಿರನೆ ಬೀದಿ ದಾಟಿದ. ಮುದ್ದಯ್ಯ ಕೆಟ್ಟವರಲ್ಲ. ಆದರೂ ಇವರು ಹಾಕಿ ನೋಡಿದ್ದ ಮೂರು ಜೊತೆ ಕೈಗವಸುಗಳನ್ನು ಕೋಲಿನ ತುದಿಯಿಂದ ಒಂದೊಂದಾಗಿ ಮೂಲೆಗೆ ತಳ್ಳಿದರು. ಆ ಕೋಲನ್ನೂ ಅಲ್ಲೇ ಬಿಟ್ಟರು.

ಮಂಚಯ್ಯ ಚರಂಡಿಯಿಂದ ವಸ್ತ್ರ ಎತ್ತಿ, ಹಿಂಡಿ, ಪಕ್ಕದಲ್ಲಿ ಹರವಿದ. ಕೆನ್ನೆ ಕೆಂಪಗಿತ್ತು. ನಮಗೆ ಬೈದಿದ್ದರೂ ನ್ಯಾಯವೇ. ಅವನು ಇನ್ನೊಂದು ತುಂಡು ತೊಗಲು ನೀರಿನಿಂದ ತೆಗೆದ.

"ಕೈ ಕೊಡಿ ಬುದ್ದಿ" ಎಂದ. "ಪಡೇಲಿ ಒಬ್ಬ ಸವಾರಂಗೆ ಇಂಗೇ ಆಗಿತ್ತು. ಮೈಸೂರು ಆಸ್ಪತ್ರೇಲಿ ಇದ್ಕೇ ಎಣ್ಣೆ ಮದ್ದಿನ ಸೂಜಿ ಆಕ್ತಾರೆ. ಬೇಗ ಓಗಿ ಸೇರ್ದೋರ್ಗೆ ವಾಸಿಯಾಗಿದ್ದೂ ಐತೆ. ಈವತ್ತೇ ಓಗಿ. ಬರೀ ಕೈಲಿ ಮಾತ್ರ ಗಾಡಿ ಓಡುಸ್ಬ್ಯಾಡಿ, ಸುಟ್ರೂ ಕುಯ್ದ್ರೂ ನಿಮಗ್ ತಿಳಿಯಾಕಿಲ್ಲ."

ಇವರು ಕೈಯನ್ನು ಎದೆಗೆ ಅವುಚಿಕೊಂಡರು. "ಮುಟ್ಬೇಡ ಮಂಚಯ್ಯ" ಎಂದರು. "ನಿಂಗೂ ಬಂದ್ಬುಡ್ತದೆ."

ಮುದುಕ ಆ ಕೈಯನ್ನು ಹಿಡಿದೆಳೆದು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡ. ಚುಚ್ಚಿದ ಜಾಗಕ್ಕೆ ಬಟ್ಟೆಯ ಚೂರು ಸುತ್ತಿದ. ತೊಗಲು ಹೊದಿಸಿದ. ಉಳಿ ಎತ್ತಿ, ತಡೆದು, ನನ್ನ ಕಡೆ ನೋಡಿದ.

"ಅವ್ವಾ, ಇವ್ರು 'ಸ್' ಅನ್ನಾಕಿಲ್ಲ. ನೀವೇ ನೋಡ್ಕಂಡು ಏಳ್ಬೇಕು."

ನಾನು ಇಳಿದು ಬಂದು ಅವನ ಗೋಣಿತಾಟಿನ ಅಂಚಿನಲ್ಲೇ ಕೂತೆ. ಗಂಡನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೀದಿಯ ಆಚೆ ಬದಿಯಲ್ಲಿ ಜನ ಸೇರುತ್ತಿದ್ದರು, ಯಾರೂ ಹತ್ತಿರ ಬರಲಿಲ್ಲ. ಉಳಿಯ ಮೊನೆ ತೊಗಲು ದಾಟಿ ಕಿರುಬೆರಳಿನ ಹತ್ತಿರ ಬಂತು.

"ಸಾಕು" ಎಂದೆ.

ಮಂಚಯ್ಯ ನಿಲ್ಲಿಸಿ ದಾರ ಎಳೆದ. ಮುಂದಿನ ಹೊಲಿಗೆಗೂ ನಾನೇ ಹೇಳಿದೆ.